ಗಲ್ಲಾ, ಡೈರಿ, ಮಧ್ಯಾಹ್ನದ ಊಟ: ಸ್ವಂತ ದುಡಿಮೆಯವರ ಪ್ರಶ್ನೋತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು, ಹಾಗಾಗಿ ಊರು ಮತ್ತು ಕಸುಬು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಬಂದ ಬಟ್ಟೆಯನ್ನು ಬೇಡ ಅನ್ನೋಕೆ ಮನಸ್ಸು ಬರಲ್ಲ. ವಾರಕ್ಕೆ ಇಪ್ಪತ್ತೈದು ಒಪ್ಪಿಕೊಳ್ಳುತ್ತೇನೆ, ಹೇಳಿದ ದಿನಕ್ಕೆ ಅರ್ಧವೂ ಆಗಲ್ಲ. ರಾತ್ರಿ ಹನ್ನೊಂದರವರೆಗೆ ಮೆಷಿನ್ ಮುಂದೆ ಕೂತು ಕುತ್ತಿಗೆ ಹಿಡಿದುಕೊಂಡಿದೆ. ಗಿರಾಕಿಗಳ ಕೈಲಿ ಬೈಸಿಕೊಳ್ಳುವುದೂ ತಪ್ಪಿಲ್ಲ.
- ಟೈಲರ್, ಹಾಸನ

ಉತ್ತರ: ಒಂದು ಲೈನಿಂಗ್ ಬ್ಲೌಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲು ಗಡಿಯಾರ ಇಟ್ಟು ನೋಡಿ. ಕಟಿಂಗ್ 25 ನಿಮಿಷ, ಹೊಲಿಗೆ 75, ಹೆಮ್ಮಿಂಗ್ ಮತ್ತು ಹುಕ್ಸ್ 30, ಇಸ್ತ್ರಿ 10 ಅಂತ ಇಟ್ಟುಕೊಳ್ಳೋಣ. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಅಳತೆ ತೆಗೆಯುವುದು, ಕತ್ತಿನ ಡಿಸೈನ್ ಮಾತಾಡುವುದು, ಟ್ರಯಲ್, ಆಮೇಲೆ ತೋಳು ಸ್ವಲ್ಪ ಬಿಚ್ಚಿ ಕೊಡುವುದು, ಈ 20 ನಿಮಿಷವನ್ನು ಯಾರೂ ಹಾಕುವುದಿಲ್ಲ. ಒಟ್ಟು 160 ನಿಮಿಷ ಆಯಿತು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅಂಗಡಿ ತೆರೆದಿದ್ದರೂ ಊಟ, ಬಂದವರ ಜೊತೆ ಮಾತು, ದಾರ ಮತ್ತು ಲೈನಿಂಗ್ ತರಲು ಓಡಾಟ ಕಳೆದರೆ ಕೆಲಸಕ್ಕೆ ಉಳಿಯುವುದು ಹೆಚ್ಚೆಂದರೆ ಏಳು ಗಂಟೆ, ಅಂದರೆ 420 ನಿಮಿಷ. ದಿನಕ್ಕೆ ಎರಡೂವರೆ ಬ್ಲೌಸ್, ಆರು ದಿನಕ್ಕೆ ಹದಿನೈದು. ನೀವು ಒಪ್ಪಿಕೊಳ್ಳುತ್ತಿರುವುದು ಇಪ್ಪತ್ತೈದು. ಪ್ರತಿ ವಾರ ಉಳಿಯುವ ಹತ್ತು ಬ್ಲೌಸ್ ನಿಮ್ಮ ನಿದ್ದೆಯಿಂದಲೇ ಹೋಗುತ್ತಿವೆ.

ಒಂದು ಉದ್ದ ಡೈರಿ ತನ್ನಿ. ವಾರಕ್ಕೊಂದು ಪುಟ, ಪುಟಕ್ಕೆ ಹದಿನೈದೇ ಗೆರೆ. ಹನ್ನೆರಡು ಗೆರೆಯನ್ನು ಪೆನ್ನಿನಲ್ಲಿ ತುಂಬಿಸಿ. ಕೆಳಗಿನ ಮೂರನ್ನು ಪೆನ್ಸಿಲಿಗೆ ಬಿಡಿ. ಅವು ಅರ್ಜೆಂಟಿನವರಿಗೆ, ಆಲ್ಟ್ರೇಷನ್‌ಗೆ, ಕರೆಂಟ್ ಹೋದ ದಿನಕ್ಕೆ. ಗೆರೆಯಲ್ಲಿ ಬಿಲ್ ನಂಬರ್, ಕೊಡುವ ದಿನ, ಅಡ್ವಾನ್ಸ್ ಬರೆದು ಪಕ್ಕದಲ್ಲಿ ಬಟ್ಟೆಯ ಬೆರಳಗಲದ ಚೂರನ್ನು ಸ್ಟೇಪಲ್ ಹಾಕಿ. "ಆ ಹಸಿರು ಬ್ಲೌಸ್ ಯಾರದ್ದು" ಅಂತ ಕವರುಗಳನ್ನೆಲ್ಲ ಕೆದಕುವ ಕೆಲಸ ತಪ್ಪುತ್ತದೆ. ಪುಟ ತುಂಬಿದ ಮೇಲೆ ಬಂದವರಿಗೆ "ಆಗಲ್ಲ" ಅನ್ನಬೇಕಾಗಿಲ್ಲ. ಡೈರಿಯನ್ನೇ ಅವರ ಕಡೆ ತಿರುಗಿಸಿ, "ಅಕ್ಕ, ಈ ವಾರ ತುಂಬಿದೆ ನೋಡಿ, ಮುಂದಿನ ಗುರುವಾರ ಬರ್ಕೊಳ್ಳಲಾ?" ಅನ್ನಿ. ಬಾಯಿಮಾತಿಗೆ ವಾದ ಮಾಡುವವರು ಪುಟ ನೋಡಿದರೆ ಸುಮ್ಮನಾಗುತ್ತಾರೆ. ಅರ್ಧ ದುಡ್ಡು ಮುಂಗಡ ಪಡೆಯದೆ ಗೆರೆ ತುಂಬಿಸಬೇಡಿ. "ಸಂಜೆ ಬನ್ನಿ" ಅನ್ನುವ ಸುಳ್ಳನ್ನು ಇವತ್ತೇ ಬಿಡಿ, ಅದಕ್ಕಾಗಿ ಮೂರು ಸಲ ಬಂದು ಹೋಗುವ ಗಿರಾಕಿ ಸಲಕ್ಕೆ ನಿಮ್ಮ ಹತ್ತು ನಿಮಿಷ ತಿನ್ನುತ್ತಾರೆ.

ಆಷಾಢ, ಧನುರ್ಮಾಸದಲ್ಲಿ ಮದುವೆ ಇಲ್ಲ. ಲೈನಿಂಗ್ ಬಟ್ಟೆ ಸ್ಟಾಕ್ ಮಾಡುವುದು, ಮೆಷಿನ್ ಸರ್ವೀಸ್ ಮಾಡಿಸುವುದು ಆಗಲೇ ಆಗಬೇಕು. ದೀಪಾವಳಿ ಬಟ್ಟೆಗಳನ್ನು ಹಾಸನಾಂಬ ದರ್ಶನ ಶುರುವಾಗುವ ಮೊದಲೇ ಕೊಟ್ಟು ಮುಗಿಸಿ. ಆ ದಿನಗಳ ಜನಸಂದಣಿಯಲ್ಲಿ ಟ್ರಯಲ್‌ಗೆ ಬನ್ನಿ ಅಂದರೆ ಯಾರು ಬರುತ್ತಾರೆ?

ಇನ್ನು ಕುತ್ತಿಗೆ. ಬೆನ್ನೊರಗದ ಸ್ಟೂಲ್ ತೆಗೆದು ಒರಗುವ ಕುರ್ಚಿ ಹಾಕಿ. ಕುರ್ಚಿಯ ಎತ್ತರ ಎಷ್ಟಿರಬೇಕೆಂದರೆ, ಮೆಷಿನ್ ಹಲಗೆ ಮೊಣಕೈ ಮಟ್ಟಕ್ಕೆ ಬರಬೇಕು. ಹಲಗೆ ತಗ್ಗಾದರೆ ಸೂಜಿ ನೋಡಲು ತಲೆ ಬಾಗುತ್ತದೆ, ನೋವಿನ ಮೂಲ ಬಹುಪಾಲು ಅಲ್ಲೇ. ಸೂಜಿಯ ಮೇಲೆ ಬೀಳುವ ಹಾಗೆ ಚಿಕ್ಕ ಎಲ್‌ಇಡಿ ದೀಪ ಹಾಕಿ. ಕಟಿಂಗನ್ನೆಲ್ಲ ಬೆಳಿಗ್ಗೆ ಸೊಂಟದೆತ್ತರದ ಮೇಜಿನ ಮೇಲೆ ನಿಂತೇ ಮಾಡಿ, ನೆಲದ ಮೇಲೆ ಬೇಡ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಎಣ್ಣೆ ತಿಕ್ಕಿಕೊಂಡು ಕೂರದೆ ಡಾಕ್ಟರಿಗೆ ತೋರಿಸಿ. ಮಣಿಕಟ್ಟಿನ ನರ ಒತ್ತಿಕೊಂಡಿರಬಹುದು.

ಪ್ರಶ್ನೆ: ಚಿಕ್ಕ ಕ್ಯಾಂಟೀನ್ ನಡೆಸುತ್ತೇನೆ. ದಿನಕ್ಕೆ ₹6,500 ವ್ಯಾಪಾರ, ತಿಂಗಳಿಗೆ 26 ದಿನ. ದುಡ್ಡು ಬರುವುದು ಕಾಣುತ್ತೆ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರಲ್ಲ. ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ ಕ್ಯೂಆರ್ ಕೋಡ್ ಕಿತ್ತುಹಾಕಬೇಕು ಅಂದುಕೊಂಡಿದ್ದೇನೆ.
- ಕ್ಯಾಂಟೀನ್ ಮಾಲೀಕರು, ಚಿಕ್ಕಮಗಳೂರು

ಉತ್ತರ: ಕ್ಯೂಆರ್ ಕೋಡ್ ಕಿತ್ತರೆ ಗಿರಾಕಿ ಹೋಗುತ್ತಾನೆ, ತೆರಿಗೆ ಹೋಗುವುದಿಲ್ಲ. ವಹಿವಾಟು ಅಂದರೆ ನಗದೂ ಸೇರಿದ್ದೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಕಷ್ಟಕ್ಕೆ ಸಿಕ್ಕಿದವರಲ್ಲಿ ಯಾವ ದುಡ್ಡು ಯಾವುದರದ್ದು ಅಂತ ತೋರಿಸಲಾಗದವರೂ ಇದ್ದರು. ಚೀಟಿ ದುಡ್ಡು, ಭಾವಮೈದ ವಾಪಸ್ ಕೊಟ್ಟ ಕೈಗಡ, ದೋಸೆಯ ದುಡ್ಡು ಎಲ್ಲ ಒಂದೇ ಖಾತೆಗೆ ಬಂದಿದ್ದರೆ ಬೇರ್ಪಡಿಸುವುದು ಹೇಗೆ? ಆದ್ದರಿಂದ ಅಂಗಡಿಗೆ ಒಂದು ಖಾತೆ, ಮನೆಗೆ ಒಂದು. ಗೋಡೆಯ ಮೇಲಿನ ಕೋಡ್ ಅಂಗಡಿ ಖಾತೆಯದ್ದು ಮಾತ್ರ.

ಈಗ ನಿಮ್ಮ ₹6,500 ಎಲ್ಲಿ ಹೋಗುತ್ತದೆ ನೋಡೋಣ. ಅಂಕಿಗಳು ಅಂದಾಜಿನವು, ನಿಮ್ಮದನ್ನು ಹಾಕಿಕೊಳ್ಳಿ. ದಿನಸಿ, ಹಾಲು, ತರಕಾರಿ, ಎಣ್ಣೆ ಶೇ 45ರಂತೆ ₹2,925. ಗ್ಯಾಸ್ ₹350. ಇಬ್ಬರ ಸಂಬಳ ₹1,050. ಬಾಡಿಗೆ ₹12,000ವನ್ನು 26 ದಿನಕ್ಕೆ ಹಂಚಿದರೆ ಸುಮಾರು ₹460. ಕರೆಂಟು, ನೀರು, ಪಾರ್ಸೆಲ್ ಕವರ್ ₹200. ಇದೆಲ್ಲ ಕಳೆದು ಉಳಿಯುವುದು ₹1,515, ತಿಂಗಳಿಗೆ ₹39,390. ಗಲ್ಲಾಪೆಟ್ಟಿಗೆಯಲ್ಲಿ ಆರೂವರೆ ಸಾವಿರ ಕಂಡವರಿಗೆ ಒಂದೂವರೆ ಸಾವಿರ ಮಾತ್ರ ನನ್ನದು ಅನ್ನುವುದು ಮರೆಯುತ್ತದೆ. ಸಂಜೆ ಮನೆಗೆ ಹೋಗುವಾಗ ಐನೂರು, ಮಗಳ ಫೀಸಿಗೆ ಎರಡು ಸಾವಿರ ಅಂತ ಗಲ್ಲಾದಿಂದಲೇ ತೆಗೆದರೆ ನಾಳೆಯ ಹಾಲಿನ ದುಡ್ಡನ್ನು ಇವತ್ತೇ ತಿಂದ ಹಾಗೆ.

ನಿಮಗೆ ನೀವೇ ಸಂಬಳ ನಿಗದಿ ಮಾಡಿಕೊಳ್ಳಿ. ₹39,390ರಲ್ಲಿ ಸಾಲದ ಕಂತು ₹8,000, ನಿಮ್ಮ ಸಂಬಳ ₹22,000, ಗ್ರೈಂಡರ್ ಮತ್ತು ಫ್ರಿಜ್ ರಿಪೇರಿಗೆ ₹3,000. ಮಿಕ್ಕ ₹6,390 ಮಳೆಗಾಲದ ಮಂದ ವ್ಯಾಪಾರಕ್ಕೆ. ಸಂಬಳವನ್ನು ತಿಂಗಳ 1ನೇ ತಾರೀಖು ಒಂದೇ ಸಲ ಮನೆ ಖಾತೆಗೆ ಹಾಕಿಕೊಳ್ಳಿ. ಆಮೇಲೆ ಗಲ್ಲಾಗೆ ನೀವೂ ಹೊರಗಿನವರೇ.

ಜಿಎಸ್‌ಟಿ ವಿಷಯ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ ₹40 ಲಕ್ಷದವರೆಗೆ ನೋಂದಣಿ ಬೇಡ, ಸೇವೆಗೆ ₹20 ಲಕ್ಷ. ಹೋಟೆಲ್, ಕ್ಯಾಂಟೀನ್ ಊಟತಿಂಡಿ ಸೇವೆಯ ಲೆಕ್ಕಕ್ಕೆ ಬರುತ್ತದೆ; ಹಲವರು ಎಡವುವುದು ಇಲ್ಲಿ. 6,500 × 26 × 12 ಅಂದರೆ ₹20,28,000, ನೀವು ಗೆರೆ ದಾಟಿದ್ದೀರಿ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು, ತಡಮಾಡದೆ ತೆರಿಗೆ ಸಲಹೆಗಾರರನ್ನು ಕಾಣಿ. ರಾಜಿ ತೆರಿಗೆ ಅಂದರೆ ಕಾಂಪೊಸಿಷನ್‌ನಲ್ಲಿ (ಒಟ್ಟು ವಹಿವಾಟಿನ ಮೇಲೆ ಒಂದೇ ದರದ ತೆರಿಗೆ) ಶೇ 5, ದಿನಕ್ಕೆ ₹325, ತಿಂಗಳಿಗೆ ₹8,450. ಇದನ್ನು ಗಿರಾಕಿಯ ಬಿಲ್ಲಿನಲ್ಲಿ ಬೇರೆಯಾಗಿ ಹಾಕುವಂತಿಲ್ಲ, ಖರೀದಿಯ ತೆರಿಗೆಯೂ ವಾಪಸ್ ಬರುವುದಿಲ್ಲ. ಅಂದರೆ ಮಳೆಗಾಲದ ₹6,390 ಪೂರ್ತಿ ಹೋಗಿ ಮೇಲೆ ₹2,060 ಕೈಯಿಂದ ಬಿತ್ತು. ದಾರಿ ಇರುವುದು ದರದಲ್ಲಿ. ದಿನಕ್ಕೆ 150 ಲೋಟ ಕಾಫಿ ಹೋಗುತ್ತಿದ್ದು, ಲೋಟಕ್ಕೆ ₹12 ಇದ್ದದ್ದನ್ನು ₹15 ಮಾಡಿದರೆ ₹450 ಹೆಚ್ಚು ಬಂತು, ತೆರಿಗೆ ಅದರೊಳಗೇ ಮುಗಿಯಿತು. ಕಾಫಿ ನಾಡಿನಲ್ಲಿ ಕಾಫಿಯ ಬೆಲೆ ಏರಿಸಿದರೆ ಒಂದು ವಾರ ಗೊಣಗಾಟ ಇದ್ದೇ ಇರುತ್ತದೆ. ನೀರು ಬೆರೆಸಿ ಹಳೆಯ ಬೆಲೆಗೇ ಕೊಡುವುದಕ್ಕಿಂತ ಅದು ವಾಸಿ.

ಪ್ರಶ್ನೆ: ತೋಟದಲ್ಲೇ ಹೋಂಸ್ಟೇ ಇದೆ. ಮೇ ಮುಗಿಯುವವರೆಗೂ ವಾರಾಂತ್ಯ ಭರ್ತಿ. ಜೂನ್ ಬಂದರೆ ಬುಕಿಂಗ್ ರದ್ದಾಗುತ್ತಾ ಹೋಗುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲಲ್ಲ.
- ಹೋಂಸ್ಟೇ ನಡೆಸುವ ದಂಪತಿ, ಮೂಡಿಗೆರೆ

ಉತ್ತರ: ಮಳೆ ಮಲೆನಾಡಿಗೆ ಅನಿರೀಕ್ಷಿತವಲ್ಲ, ಹಾಗಾಗಿ ಅದನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಿರಿ. ಕಂತು ₹18,000, ಕೆಲಸದವರಿಗೆ ₹14,000, ಕರೆಂಟು ಮತ್ತು ಇಂಟರ್‌ನೆಟ್ ₹4,000, ಮನೆಖರ್ಚು ₹20,000 ಅಂತಿಟ್ಟರೆ ತಿಂಗಳಿಗೆ ₹56,000. ಜೂನ್‌ನಿಂದ ಸೆಪ್ಟೆಂಬರ್ ನಾಲ್ಕು ತಿಂಗಳಿಗೆ ₹2,24,000. ಆಗ ತಿಂಗಳಿಗೆ ₹20,000 ಬಂದೀತು ಅಂತ ಕಮ್ಮಿಯೇ ಹಿಡಿದರೆ ₹80,000. ಕೊರತೆ ₹1,44,000. ಉಳಿದ ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ ₹18,000, ವಾರಕ್ಕೆ ₹4,500. ಅತಿಥಿಗಳು ಹೊರಟ ಸೋಮವಾರ ಬೆಳಿಗ್ಗೆಯೇ ಬೇರೆ ಖಾತೆಗೆ ಹೋಗಲಿ, ಮಂಗಳವಾರದವರೆಗೆ ಇಟ್ಟುಕೊಂಡರೆ ಗೊಬ್ಬರಕ್ಕೋ ಡೀಸೆಲ್‌ಗೋ ಖರ್ಚಾಗಿರುತ್ತದೆ.

ಮುಂಗಡದ ವಿಷಯದಲ್ಲಿ ಇನ್ನೂ ಬಿಗಿ ಬೇಕು. ಅತಿಥಿ ಬಂದು ಉಳಿಯುವವರೆಗೆ ಅದು ಅವರ ದುಡ್ಡು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ವಾಹನ ಓಡಾಟ ತಿಂಗಳುಗಟ್ಟಲೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಖರ್ಚಾಗಿಹೋದ ಮುಂಗಡವನ್ನು ಒಂದೇ ವಾರದಲ್ಲಿ ಹಿಂತಿರುಗಿಸಬೇಕಾದರೆ ಸಾಲವೇ ಗತಿ. ರಸ್ತೆ ಬಂದ್ ಆದರೆ ಒಂದು ವರ್ಷದೊಳಗೆ ಬೇರೆ ದಿನ ಬರಬಹುದು, ಅದೂ ಬೇಡವೆಂದರೆ ಪೂರ್ತಿ ವಾಪಸ್ ಎಂದು ಬುಕಿಂಗ್ ಸಂದೇಶದಲ್ಲೇ ಬರೆದುಬಿಡಿ.

ಹೆಂಚು ಸರಿಪಡಿಸುವುದು, ಸೂರಿನ ದೋಣಿಯ ಎಲೆ ತೆಗೆಯುವುದು, ಮಾಡಿನ ಮೇಲೆ ಬಾಗಿದ ಸಿಲ್ವರ್ ಓಕ್ ಕೊಂಬೆ ಕಡಿಸುವುದು, ಸೌದೆ ಒಳಗಿಡುವುದು ಮೇ ಮಧ್ಯಕ್ಕೆ ಮುಗಿಯಬೇಕು. ಅರೇಬಿಕಾ ಕೊಯ್ಲು ಜೋರಾಗಿರುವ ಡಿಸೆಂಬರ್‌ನಲ್ಲೇ ಕ್ರಿಸ್‌ಮಸ್ ರಜೆಯ ಜನವೂ ಬರುತ್ತಾರೆ. ಆಳುಗಳ ಲೆಕ್ಕ, ಅಡುಗೆ, ಕಣದ ಕೆಲಸ ಮೂರನ್ನೂ ಒಬ್ಬರೇ ಹೊತ್ತರೆ ಜನವರಿಗೆ ಹಾಸಿಗೆ ಹಿಡಿಯುತ್ತೀರಿ. ಆ ತಿಂಗಳು ವಾರದಲ್ಲಿ ಎರಡು ರಾತ್ರಿ ಬುಕಿಂಗ್ ಮುಚ್ಚಿಡಿ.

ಪ್ರಶ್ನೆ: ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ. ಎಲ್ಲರೂ ಪರಿಚಯದ ರೈತರೇ. "ಕೊಬ್ಬರಿ ಮಾರಿ ಕೊಡ್ತೀನಿ" ಅಂತಾರೆ. ಕೇಳಿದರೆ ಸಂಬಂಧ ಕೆಡುತ್ತೆ, ಕೇಳದಿದ್ದರೆ ನಾನು ಮುಳುಗುತ್ತೇನೆ.
- ಅರಸೀಕೆರೆ

ಉತ್ತರ: ಬಿಲ್ಲನ್ನು ಎರಡಾಗಿ ಬರೆಯಿರಿ. ತಾಮ್ರದ ತಂತಿ, ವಾರ್ನಿಷ್, ಬುಷ್ ನೀವು ದುಡ್ಡು ಕೊಟ್ಟು ತಂದದ್ದು; ಅದು ಮೋಟರ್ ಬಿಚ್ಚುವ ಮೊದಲೇ ಬರಬೇಕು. ಕೂಲಿ ನಿಮ್ಮ ಕೈಯದ್ದು, ಅದಕ್ಕೆ ಕಾಯಬಹುದು. "ಅಣ್ಣ, ತಂತಿ ದುಡ್ಡು ಈಗ ಕೊಡಿ, ಕೂಲಿ ಕೊಬ್ಬರಿ ಮಾರಿದ ಮೇಲೆ" ಅನ್ನಿ. ಯಾವ ರೈತನಿಗೂ ಇದು ಅನ್ಯಾಯ ಅನ್ನಿಸದು. ಸುಟ್ಟ ಹಳೆಯ ತಾಮ್ರ ಯಾರಿಗೆ ಸೇರಬೇಕು ಅಂತಲೂ ಆಗಲೇ ಮಾತಾಡಿ, ಅದನ್ನು ತೂಗಿ ಬಿಲ್ಲಿನಲ್ಲಿ ಕಳೆದರೆ ಜಗಳ ಇಲ್ಲ. ಹಳೆಯ ಕೂಲಿ ಬಾಕಿ ಇರುವಾಗ ಅದೇ ಮನೆಯ ಎರಡನೇ ಮೋಟರಿಗೆ ಸಾಲ ಬೇಡ. ಬಾಕಿದಾರರಿಗೆ ಕೊಬ್ಬರಿ ಮಾರುವ ಹೊತ್ತಿಗೆ ಫೋನ್ ಮಾಡಿ. ಬಿತ್ತನೆ ಹೊತ್ತಿನಲ್ಲಿ ಕೇಳಿದರೆ ನಿಷ್ಠುರ ಮಾತ್ರ ಉಳಿಯುತ್ತದೆ.

ಪ್ರಶ್ನೆ: ದಿನಸಿ ಅಂಗಡಿ, ವಯಸ್ಸು 46. ಖಾಲಿ ಹೊಟ್ಟೆಯ ಶುಗರ್ 112 ಬಂದಿದೆ. ಮಧ್ಯಾಹ್ನದ ಊಟ ನಾಲ್ಕಕ್ಕೆ, ದಿನಕ್ಕೆ ಎಂಟು ಟೀ. ಅಂಗಡಿ ಬಿಟ್ಟು ವಾಕಿಂಗ್ ಹೋಗೋದು ಹೇಗೆ?
- ಸಕಲೇಶಪುರ

ಉತ್ತರ: ಖಾಲಿ ಹೊಟ್ಟೆಯಲ್ಲಿ 100ರಿಂದ 125 ಅಂದರೆ ಸಕ್ಕರೆ ಕಾಯಿಲೆಗೆ ಮುಂಚಿನ ಹಂತ, 126 ಅಥವಾ ಅದಕ್ಕಿಂತ ಹೆಚ್ಚಾದರೆ ಕಾಯಿಲೆ ಎಂದು ಹೇಳುತ್ತಾರೆ. ಒಂದೇ ಪರೀಕ್ಷೆಯಿಂದ ತೀರ್ಮಾನ ಬೇಡ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ ಡಾಕ್ಟರಿಗೆ ತೋರಿಸಿ. 5.7ರಿಂದ 6.4 ಎಚ್ಚರಿಕೆ, 6.5 ಅಥವಾ ಹೆಚ್ಚಾದರೆ ಕಾಯಿಲೆ.

ಟೀಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 8 ಗ್ರಾಂ, ಎಂಟು ಟೀಗೆ 64. ದಿನಕ್ಕೆ ಸಕ್ಕರೆ ಹೆಚ್ಚೆಂದರೆ 50 ಗ್ರಾಂ, 25ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೇರೇನೂ ತಿನ್ನದೆ ಟೀಯಲ್ಲೇ ಮಿತಿ ದಾಟಿತು. ಒಮ್ಮೆಗೇ ನಿಲ್ಲಿಸಿದರೆ ಮೂರನೇ ದಿನಕ್ಕೆ ಮತ್ತೆ ಶುರುವಾಗುತ್ತದೆ. ಹತ್ತು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಸೇಲ್ಸ್‌ಮನ್‌ಗಳು ಬಂದಾಗ ಕುಡಿಯುವುದನ್ನು ಬೈಟು ಮಾಡಿ, ಮರ್ಯಾದೆಯೂ ಉಳಿಯಿತು, ಸಕ್ಕರೆಯೂ ಅರ್ಧವಾಯಿತು.

ಊಟಕ್ಕೆ ಒಂದೂವರೆಯಿಂದ ಎರಡರವರೆಗೆ ಶಟರ್ ಅರ್ಧ ಎಳೆಯಿರಿ, ಸಮಯ ಬರೆದ ಬೋರ್ಡ್ ನೇತುಹಾಕಿ. ದಿನಸಿಯ ಗಿರಾಕಿ ಅರ್ಧ ಗಂಟೆಗೆ ಬೇರೆ ಊರಿಗೆ ಹೋಗುವುದಿಲ್ಲ. ನಾಲ್ಕರವರೆಗೆ ಹಸಿದವರು ನಡುವೆ ಅಂಗಡಿಯದೇ ಬಿಸ್ಕತ್ ಪ್ಯಾಕೆಟ್ ಒಡೆಯುತ್ತಾರೆ, ಅದನ್ನು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಒಂದು ಮುದ್ದೆ, ಸೊಪ್ಪು ಕಾಳಿನ ಸಾರು ಧಾರಾಳ. ರಾಗಿ ಒಳ್ಳೆಯದು ಅಂತ ಎರಡು ಮುದ್ದೆ ನುಂಗಿ ಮೇಲೆ ಒಂದು ರಾಶಿ ಅನ್ನ ಹಾಕಿಕೊಂಡರೆ ಏನು ಬಂತು?

ವಾರಕ್ಕೆ 150 ನಿಮಿಷದ ಚುರುಕು ನಡಿಗೆ ಸಾಕು. ಒಟ್ಟಿಗೇ ಆಗಬೇಕಿಲ್ಲ, ಮೂರು ಹೊತ್ತು ಊಟ ತಿಂಡಿಯಾದ ಮೇಲೆ ಹತ್ತತ್ತು ನಿಮಿಷದಂತೆ ವಾರಕ್ಕೆ ಐದು ದಿನ ನಡೆದರೆ ಲೆಕ್ಕ ಸರಿಹೋಯಿತು. ಊಟದ ನಂತರ ಏರುವ ಸಕ್ಕರೆಯೂ ತಗ್ಗುತ್ತದೆ. ಸಕಲೇಶಪುರದ ಜುಲೈಯಲ್ಲಿ ಬೆಳಗಿನ ವಾಕಿಂಗ್ ನೆಚ್ಚಿಕೊಂಡರೆ ಆಗದು. ಮನೆಯ ಹಜಾರವೋ ಗೋದಾಮಿನ ಸಾಲೋ ಸಾಕು.

ಚುಟುಕಾಗಿ ಎರಡು. ಸಣ್ಣ ಉದ್ದಿಮೆಗಳ ಸರ್ಕಾರಿ ದಾಖಲಾತಿಯಾದ ಉದ್ಯಮ್ ನೋಂದಣಿಗೆ ಮಧ್ಯವರ್ತಿ ₹1,500 ಕೇಳಿದ್ದಾರೆ ಎಂದು ಬೇಲೂರಿನವರು ಬರೆದಿದ್ದಾರೆ: ಸರ್ಕಾರದ ಪೋರ್ಟಲ್‌ನಲ್ಲಿ ಅದು ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು. 42ನೇ ವಯಸ್ಸಿನಲ್ಲಿ ಅಟಲ್ ಪಿಂಚಣಿ ಸಿಗುತ್ತದೆಯೇ ಎಂದು ಕಡೂರಿನ ಫೋಟೊ ಸ್ಟುಡಿಯೊದವರು ಕೇಳಿದ್ದಾರೆ: ಸೇರಲು 18ರಿಂದ 40 ವರ್ಷದೊಳಗಿರಬೇಕು, ನಿಮಗೆ ದಾಟಿದೆ. ಅಂಚೆ ಕಚೇರಿಯಲ್ಲಿ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆಯಿರಿ. ವರ್ಷಕ್ಕೆ ಕನಿಷ್ಠ ₹500, ಗರಿಷ್ಠ ₹1.5 ಲಕ್ಷ, ಅವಧಿ 15 ವರ್ಷ. ಮದುವೆ ಸೀಸನ್ನಿನ ತಿಂಗಳಲ್ಲಿ ಹೆಚ್ಚು, ಆಷಾಢದಲ್ಲಿ ಸೊನ್ನೆ ಅಂತ ಕಟ್ಟಿದರೂ ನಡೆಯುತ್ತದೆ.