38ನೇ ವಯಸ್ಸಿನಲ್ಲಿ ಡಿಟಿಪಿ ಅಂಗಡಿ ಬಿಟ್ಟು, ಸಾಲ ಮಾಡಿ ಕೋಡಿಂಗ್ ಕಲಿಯಬಹುದಾ?

15 ವರ್ಷದ ಡಿಟಿಪಿ ಅಂಗಡಿ (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ), ಅರ್ಧಕ್ಕೆ ಇಳಿದ ಕೆಲಸ, ಒಂದೂವರೆ ಲಕ್ಷದ ಕೋಡಿಂಗ್ ಕೋರ್ಸು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕೋರ್ಸ್ ಅನ್ನುವಲ್ಲಿ ಟ್ರೆಡಲ್ ಅನ್ನುವ ಹಳೇ ಅಚ್ಚಿನ ಮಷಿನ್ ಅಂತ, ಒಂದೂವರೆ ಲಕ್ಷ ಅನ್ನುವಲ್ಲಿ 85 ಸಾವಿರ ಅಂತ ಬದಲಾಯಿಸಿದರೆ ಅದು 1995ರ ನಾನೇ.

ನಾನು ಗದಗಿನವನು. ನಮ್ಮೂರು ಅಚ್ಚಿನ ಕೆಲಸಕ್ಕೆ ಹೆಸರಾದ ಊರು. 1983ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದೆ. ಅಪ್ಪ ಮರುವಾರವೇ ಒಂದು ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಬಿಟ್ಟರು. ಮೊದಲ ಆರು ತಿಂಗಳು ಬರೀ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಬಿಚ್ಚುವ ಕೆಲಸ. ಅಚ್ಚಾಗಿ ಮುಗಿದ ಪುಟವನ್ನು ಬಿಚ್ಚಿ, ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಇಂಗ್ಲಿಷಿಗೆ ಖಾನೆಗಳು ಕಡಿಮೆ. ಕನ್ನಡಕ್ಕೆ ಹಾಗಲ್ಲ. ಕಾಗುಣಿತ ಬೇರೆ, ಒತ್ತಕ್ಷರ ಬೇರೆ, ದೀರ್ಘ ಬೇರೆ, ನೂರಾರು ಖಾನೆ. ಮಾಲೀಕರು ಹಿಂದೆ ನಿಂತು ನೋಡುತ್ತಿದ್ದರು. ‘ತಮ್ಮಾ, ನಿನ್ನ ಕೈ ತಪ್ಪು ಖಾನಿಗೆ ಹೋತಂದ್ರ ನಾಳೆ ಯಾರದೋ ಲಗ್ನಪತ್ರದಾಗ ಮದುಮಗನ ಹೆಸರು ಕೆಡ್ತೈತಿ’ ಅನ್ನುತ್ತಿದ್ದರು.

ಆಮೇಲೆ ಸ್ಟಿಕ್, ಅಂದರೆ ಮೊಳೆಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ಕೈಗೆ ಬಂತು. ಮೊಳೆ ಜೋಡಿಸುವುದು ಅಂದರೆ ಸಾಲನ್ನು ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ, ಎಡದಿಂದ ಬಲಕ್ಕೆ ಓದುವುದು. ಎರಡು ವರ್ಷದಲ್ಲಿ ನಾನು ಖಾನೆ ನೋಡದೇ ಜೋಡಿಸುತ್ತಿದ್ದೆ. ಡೆಮಿ ಎಂಟನೇ ಒಂದು ಅನ್ನುವ ಪುಸ್ತಕದ ಅಳತೆಯ ಪುಟಗಳನ್ನು ಕಟ್ಟಿ, ದಾರ ಸುತ್ತಿ, ಗ್ಯಾಲಿ ಅನ್ನುವ ತಟ್ಟೆಯ ಮೇಲೆ ಜಾರಿಸಿ ಪ್ರೂಫ್ ತೆಗೆದರೆ ತಪ್ಪು ಸಿಗುವುದೇ ಅಪರೂಪ. ಹೆಮ್ಮೆಯಿಂದಲೇ ಹೇಳುತ್ತೇನೆ, ಆ ಸಾಲಿನ ಪ್ರೆಸ್ಸುಗಳಲ್ಲಿ ನನ್ನ ಕೈ ಒಳ್ಳೆಯ ಕೈ ಅನ್ನಿಸಿಕೊಂಡಿತ್ತು.

1995ರ ದೀಪಾವಳಿಗೆ ಮುಂಚೆ ಮಾಲೀಕರು ನನ್ನನ್ನು ಕೂರಿಸಿಕೊಂಡು ಹೇಳಿದರು: ‘ನನಗ ವಯಸ್ಸಾತು. ಮಗ ಇದಕ್ಕ ಬರಾಂಗಿಲ್ಲಂತಾನ. ಮಷಿನ್ನು, ಮೊಳಿ, ಕಟಿಂಗ್ ಮಷಿನ್ನು, ಎಲ್ಲಾ ಸೇರಿ ಎಂಬತ್ತೈದಕ್ಕ ನೀನ ತಗೋ.’

ತೆಗೆದುಕೊಂಡೆ. ಸೊಸೈಟಿಯಲ್ಲಿ 40 ಸಾವಿರ ಸಾಲ. ಹೆಂಡತಿಯ ಬಳೆ, ಸರ ಅಡ ಇಟ್ಟು 25. ಉಳಿದ 20ನ್ನು ಕೆಲಸ ಬಂದ ಹಾಗೆ ತೀರಿಸುವ ಮಾತು. ಮೂರೂವರೆ ವರ್ಷಕ್ಕೆ ಬಾಗಿಲು ಹಾಕಿದೆ.

ಈ ಕತೆ ಹೇಳಿದಾಗೆಲ್ಲ ಜನ ಒಂದೇ ಮಾತು ಅನ್ನುತ್ತಾರೆ: ‘ಕಂಪ್ಯೂಟರ್ ಬಂತಲ್ಲ, ನೀವೇನು ಮಾಡೋಕಾಗತ್ತೆ.’ ನಾನೂ ಬಹಳ ವರ್ಷ ಹಾಗೇ ಹೇಳಿಕೊಂಡೆ. ಅದು ಸುಳ್ಳು. ಹುಬ್ಬಳ್ಳಿಯಲ್ಲಿ ಡಿಟಿಪಿ ಬಂದಿದ್ದು ನನಗೆ ಗೊತ್ತಿತ್ತು. ಮಾಲೀಕರ ಮಗ ಅಲ್ಲಿ ಅದನ್ನೇ ಕಲಿಯುತ್ತಿದ್ದ. ಗೊತ್ತಿಲ್ಲದೇ ಬಿದ್ದವನಲ್ಲ ನಾನು. ನನ್ನ ತಪ್ಪು ಬೇರೆ, ಅದನ್ನು ಬಿಡಿಸಿಯೇ ಹೇಳುತ್ತೇನೆ. ನೀವು ಈಗ ಅದನ್ನೇ ಮಾಡಲು ಹೊರಟಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ಆ ಪ್ರೆಸ್ಸಿನ ಆದಾಯದಲ್ಲಿ ಮುಕ್ಕಾಲು ಪಾಲು ಮೂರು ಕಡೆಯಿಂದ ಬರುತ್ತಿತ್ತು. ಒಂದು ಸಹಕಾರಿ ಸೊಸೈಟಿಯ ಪಾವತಿ ಪುಸ್ತಕ, ಪಾಸ್‌ಬುಕ್, ಅರ್ಜಿ ಫಾರ್ಮು. ಒಂದು ಹೈಸ್ಕೂಲಿನ ಪ್ರಶ್ನೆಪತ್ರಿಕೆ. ಮತ್ತೆ ಲಗ್ನಪತ್ರ. ಇನ್ನುಳಿದದ್ದು ಜಾತ್ರೆಯ ಹ್ಯಾಂಡ್‌ಬಿಲ್ಲು, ನಾಟಕ ಕಂಪನಿಯ ಪೋಸ್ಟರು, ಬಿಲ್‌ಬುಕ್ಕು.

ಸಾಲ ಮಾಡುವ ಮೊದಲು ನಾನು ಯಾರನ್ನೆಲ್ಲ ಕೇಳಿದೆ ಗೊತ್ತಾ? ಅಪ್ಪನನ್ನು ಕೇಳಿದೆ. ಮಾವನವರನ್ನು ಕೇಳಿದೆ. ಇನ್ನಿಬ್ಬರು ಕಂಪೋಸಿಟರ್ ಗೆಳೆಯರನ್ನು ಕೇಳಿದೆ. ಸ್ವಾಮಿಗಳ ಹತ್ತಿರ ಹೋಗಿ ಒಳ್ಳೆಯ ದಿನ ಕೇಳಿದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ‘ಮಾಡು, ನಿನ್ನ ಕೈಯಾಗ ಕೆಲಸ ಐತಿ’ ಅಂದರು. ಆದರೆ ಸೊಸೈಟಿಯ ಸೆಕ್ರೆಟರಿಯವರನ್ನು ಕೇಳಲಿಲ್ಲ. ಅವರ ಮನೆ ನಮ್ಮ ಓಣಿಯಿಂದ ಎರಡೇ ಓಣಿ ಆಚೆ. ಸಂಜೆ ಒಂದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಮಳೆ, ಮದುವೆ, ಇಲೆಕ್ಷನ್ ಎಲ್ಲಾ ಮಾತಾಡುತ್ತಿದ್ದೆವು. ‘ಸರ್, ಮುಂದಿನ ಎರಡು ವರ್ಷ ನಿಮ್ಮ ಫಾರ್ಮಿನ ಕೆಲಸ ಹೀಗೇ ಇರುತ್ತಾ?’ ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಒಂದು, ಕೇಳಿದರೆ ಕೆಲಸಕ್ಕಾಗಿ ಕೈ ಚಾಚಿದ ಹಾಗೆ ಕಾಣುತ್ತದೆ ಅನ್ನುವ ಸಂಕೋಚ. ಎರಡು, ನಾನೇ ಆ ಮಾತು ತೆಗೆದರೆ ಅವರಿಗೆ ಬೇರೆ ಯೋಚನೆ ಬಂದುಬಿಟ್ಟರೆ ಅನ್ನುವ ಭಯ. ಮೂರನೆಯದೇ ದೊಡ್ಡದು. ಉತ್ತರ ಏನಿರಬಹುದು ಅಂತ ನನಗೆ ಒಳಗೆ ಗೊತ್ತಿತ್ತು. ಆ ಉತ್ತರ ಕಿವಿಗೆ ಬಿದ್ದರೆ ಮಾಲೀಕನಾಗುವ ಆಸೆ ಅಲ್ಲೇ ಮುಗಿಯುತ್ತಿತ್ತು. ಹನ್ನೆರಡು ವರ್ಷ ಇನ್ನೊಬ್ಬರ ಕೈಕೆಳಗೆ ನಿಂತವನಿಗೆ ಬೋರ್ಡಿನ ಮೇಲೆ ತನ್ನ ಹೆಸರು ನೋಡುವ ಆಸೆ ಎಷ್ಟಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮಾಲೀಕರು ಮೋಸ ಮಾಡಿದರು ಅಂತಲೂ ನಾನು ಹೇಳುವುದಿಲ್ಲ. ‘ಮಗ ಇದಕ್ಕ ಬರಾಂಗಿಲ್ಲಂತಾನ’ ಅಂತ ಅವರು ಬಾಯಿಬಿಟ್ಟೇ ಹೇಳಿದ್ದರು. ಯಾಕೆ ಬರುವುದಿಲ್ಲ ಅಂತ ನಾನು ಕೇಳಬೇಕಿತ್ತು. ಅವನು ಬರದಿದ್ದದ್ದು ನನ್ನ ಅದೃಷ್ಟ ಅಂತ ತಿಳಿದೆ.

1997ರಲ್ಲಿ ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೊಸ ಕಚೇರಿ, ಹೊಸ ಲೆಟರ್‌ಹೆಡ್, ಹೊಸ ಫಾರ್ಮು ಅಂತ ನಾವೆಲ್ಲ ಕಾದೆವು. ಕೆಲಸ ಬಂತು, ಆದರೆ ಡಿಟಿಪಿ ಮತ್ತು ಆಫ್‌ಸೆಟ್ (ಮೊಳೆಯ ಬದಲು ಪ್ಲೇಟಿನಿಂದ ಅಚ್ಚು ಹಾಕುವ ಮಷಿನ್) ಇದ್ದವರಿಗೆ ಬಂತು. ನನ್ನ ಟ್ರೆಡಲ್ ಗಂಟೆಗೆ ಹೆಚ್ಚೆಂದರೆ ಸಾವಿರ ಹಾಳೆ. ಆಫ್‌ಸೆಟ್ ಅದರ ಹಲವು ಪಟ್ಟು. ಅದೇ ವರ್ಷ ಸೊಸೈಟಿಯಲ್ಲಿ ಕಂಪ್ಯೂಟರ್ ಮತ್ತು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೂತಿತು. ಲಗ್ನಪತ್ರಕ್ಕೆ ಶಿವಕಾಶಿಯ ಬಣ್ಣದ ರೆಡಿಮೇಡ್ ಕಾರ್ಡು ಬಂತು, ಹೆಸರು ಮಾತ್ರ ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಹಾಕಿಸಿದರೆ ಆಯಿತು. ಹೈಸ್ಕೂಲಿನವರು ಝೆರಾಕ್ಸಿಗೆ ಹೋದರು.

ಬಾಗಿಲು ಹಾಕುವ ವಾರ ಸೆಕ್ರೆಟರಿಯವರು ಸಿಕ್ಕರು. ‘ಏನ್ರೀ, ಮೊದಲ ಒಂದು ಮಾತ ಕೇಳಿದ್ರ ನಾನು ಹೇಳ್ತಿದ್ದೆ. ಕಂಪ್ಯೂಟರ್ ತರೋ ಠರಾವು ನೀವು ಪ್ರೆಸ್ ತಗೊಳ್ಳೋಕಿಂತ ಮೊದಲ ಆಗಿತ್ತು’ ಅಂದರು. ಅಂದರೆ ನಾನು ಸಾಲದ ಕಾಗದಕ್ಕೆ ಸಹಿ ಹಾಕಿದ ದಿನ, ನನ್ನ ಆದಾಯದ ಮೂರನೇ ಒಂದು ಭಾಗ ಮುಂದೆ ಇರುವುದಿಲ್ಲ ಅಂತ ಅದೇ ಸೊಸೈಟಿಯ ಠರಾವು ಪುಸ್ತಕದಲ್ಲಿ ಬರೆದಿತ್ತು. ಒಂದು ಕಪ್ ಚಹಾ ಮುಗಿಯುವುದರೊಳಗೆ ತಿಳಿಯಬಹುದಾಗಿದ್ದ ವಿಷಯ. ನನ್ನ ಹೆಂಡತಿಯ ಬಳೆ ವಾಪಸ್ ಬಂದದ್ದು 2006ರಲ್ಲಿ.

ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದೆ. ಸೀಸ ಅಲ್ವಾ, ತೂಕಕ್ಕೆ ಬೆಲೆ. ಹದಿನೈದು ವರ್ಷ ಬೆರಳಿನಲ್ಲಿ ಹಿಡಿದ ಅಕ್ಷರಗಳನ್ನು ಗೋಣಿಚೀಲಕ್ಕೆ ಸುರಿಯುವಾಗ ಆಗುವ ಸದ್ದು ನನಗೆ ಈಗಲೂ ನೆನಪಿದೆ. ಒಂದು ಸಣ್ಣ ಡಬ್ಬಿಯಷ್ಟು ‘ಳ’ ಮಾತ್ರ ಇಟ್ಟುಕೊಂಡೆ. ನನ್ನ ಹೆಂಡತಿಯ ಹೆಸರಿನಲ್ಲಿ ಅದು ಎರಡು ಸಲ ಬರುತ್ತದೆ.

ಟ್ರೆಡಲನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಅದೇ ಒಳ್ಳೆಯದಾಯಿತು. ಆಗ ಮೊದಲ ಸಲ ಸಂಕೋಚ ಬಿಟ್ಟು, ನನ್ನ ಕೆಲಸ ಕಿತ್ತುಕೊಂಡರು ಅಂತ ಯಾರ ಮೇಲೆ ಸಿಟ್ಟಿತ್ತೋ ಆ ಆಫ್‌ಸೆಟ್ ಪ್ರೆಸ್ಸುಗಳಿಗೇ ಹೋದೆ. ಒಂದೇ ಪ್ರಶ್ನೆ ಇಟ್ಟೆ: ‘ನಿಮ್ಮ ಹತ್ರ ಆಗದೇ ಉಳಿಯೋ ಕೆಲಸ ಯಾವುದು?’ ಏಳು ಪ್ರೆಸ್ಸಿಗೆ ಹೋಗಿದ್ದೆ. ಐದು ಕಡೆ ಒಂದೇ ಉತ್ತರ. ಬಿಲ್‌ಬುಕ್ಕಿಗೆ ನಂಬರ್ ಹಾಕುವುದು, ಹರಿಯುವ ಗೆರೆಗೆ ಪರ್ಫೊರೇಷನ್, ಕಾರ್ಡು ಮಡಚುವಲ್ಲಿ ಕ್ರೀಸಿಂಗ್, ಡಬ್ಬಿಗೆ ಡೈ ಪಂಚಿಂಗ್. ಎಲ್ಲದಕ್ಕೂ ಬೇಕಾದದ್ದು ಹಾಳೆಯ ಮೇಲೆ ಒತ್ತುವ ಮಷಿನ್, ಅಂದರೆ ನನ್ನ ಟ್ರೆಡಲ್. ಇಂದಿಗೂ ಎಷ್ಟೋ ಊರಿನ ಪ್ರೆಸ್ಸುಗಳಲ್ಲಿ ಹಳೇ ಟ್ರೆಡಲುಗಳು ಇದೇ ಕೆಲಸ ಮಾಡುತ್ತಿವೆ, ಹೋಗಿ ನೋಡಿ.

ಆ ಓಡಾಟದಲ್ಲೇ ಇನ್ನೊಂದು ಬಾಗಿಲು ತೆರೆಯಿತು. ಒಂದು ಕಡೆ ಡಿಟಿಪಿ ಮಾಡುವ ಹುಡುಗಿ ಪುಟ ಪ್ರಿಂಟ್ ತೆಗೆದು ಇಟ್ಟಿದ್ದಳು. ಸುಮ್ನೆ ಕಣ್ಣಾಡಿಸಿದೆ. ಒಂದೇ ಪುಟದಲ್ಲಿ ಹನ್ನೊಂದು ತಪ್ಪು. ಹೇಳಿದೆ. ಅವಳು ಬೇಜಾರಾಗಲಿಲ್ಲ, ‘ಕಾಕಾ, ಇದನ್ನೂ ನೋಡ್ರಿ’ ಅಂತ ಇನ್ನೂ ಇಪ್ಪತ್ತು ಪುಟ ಕೊಟ್ಟಳು. ತಲೆಕೆಳಗಾದ ಅಕ್ಷರ ಓದಿದ ಕಣ್ಣಿಗೆ ನೇರ ಅಕ್ಷರದ ತಪ್ಪು ತಾನಾಗಿ ಕಾಣುತ್ತದೆ. ಹೀಗೆ ಕರಡು ತಿದ್ದುವುದು ನನ್ನ ಎರಡನೇ ಕೆಲಸವಾಯಿತು. 2002ರಲ್ಲಿ, 34ನೇ ವಯಸ್ಸಿನಲ್ಲಿ, ಅದೇ ಹುಡುಗಿಯ ಹತ್ತಿರ ಕೂತು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವುದನ್ನು ಕಲಿತೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಕೂರಲು ಮೂರು ತಿಂಗಳು ಹಿಡಿಯಿತು. ಫೀಸು ಅಂತ ಅವಳು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಅವಳ ಪುಟಗಳನ್ನು ತಿದ್ದಿಕೊಟ್ಟೆ.

ಈಗ ನನ್ನ ಊಟ ನಡೆಯುವುದು ಪುಸ್ತಕದ ಪುಟ ಕಟ್ಟುವುದರಿಂದ ಮತ್ತು ಹಳೇ ಫೈಲುಗಳನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು ಫೋನುಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ, ತರುವುದರಿಂದ. ಶ್ರೀಲಿಪಿ, ಬರಹ, ನುಡಿಯ ಹಳೇ ಫಾಂಟುಗಳಲ್ಲಿ ಕೂತಿರುವ ಪುಸ್ತಕಗಳು ರಾಶಿ ಇವೆ. ಕನ್ವರ್ಟರ್ ಒಂದು ಕ್ಷಣದಲ್ಲಿ ಬದಲಾಯಿಸುತ್ತದೆ, ನಿಜ. ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತು ಒಡೆಯುತ್ತದೆ. ಹಳೇ ಪುಟಗಳನ್ನು ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಹಾಕಿದರೆ ಅಂಕಿಯ ಸೊನ್ನೆ (೦) ಇರಬೇಕಾದಲ್ಲಿ ಅನುಸ್ವಾರ (ಂ), ಅನುಸ್ವಾರ ಇರಬೇಕಾದಲ್ಲಿ ಅಂಕಿಯ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಉರುಟು, ಹುಡುಕುವಾಗ ಮಾತ್ರ ಆ ಪದ ಸಿಗುವುದೇ ಇಲ್ಲ. ಇದನ್ನು ಹಿಡಿಯಲು ಕನ್ನಡ ಗೊತ್ತಿರುವ, ತಾಳ್ಮೆ ಇರುವ ಮನುಷ್ಯ ಬೇಕು. ನೀವು 15 ವರ್ಷದಿಂದ ಆ ಮನುಷ್ಯನೇ ಆಗಿದ್ದೀರಿ.

ಇನ್ನು ನಿಮ್ಮ ಪ್ರಶ್ನೆ. ‘ಅಂಗಡಿಯೋ ಕೋಡಿಂಗೋ’ ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋಡಿಂಗ್ ಕೆಟ್ಟದ್ದು ಅಂತಲ್ಲ, 38 ತಡ ಅಂತಲೂ ಅಲ್ಲ. ಎರಡರ ನಡುವೆ ಆರಿಸಲು ಬೇಕಾದ ವಿಷಯ ನಿಮ್ಮ ಕೈಯಲ್ಲಿ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ಕೋರ್ಸಿನವರು ಹೇಳಿದ್ದಿದೆ, ಭಾವ ಹೇಳಿದ್ದಿದೆ, ಯೂಟ್ಯೂಬಿನಲ್ಲಿ ನೋಡಿದ್ದಿದೆ. ನಿಮಗೆ ದುಡ್ಡು ಕೊಡುವ ಒಬ್ಬರ ಮಾತೂ ಇಲ್ಲ. ಕೆಲಸ ಅರ್ಧಕ್ಕೆ ಇಳಿಯಿತು ಅಂತೀರಿ. ಯಾವ ಅರ್ಧ? ಅರ್ಜಿ ಟೈಪಿಂಗಾ, ಲಗ್ನಪತ್ರವಾ, ಪ್ರಾಜೆಕ್ಟ್ ರಿಪೋರ್ಟಾ, ಪುಸ್ತಕವಾ? ಫೋನಿಗೆ ಮಾತಾಡಿದರೆ ಕನ್ನಡ ಅಕ್ಷರ ಮೂಡುವ ಕಾಲದಲ್ಲಿ ಬರೀ ಟೈಪಿಂಗ್ ಹೋಗುತ್ತದೆ, ಅದನ್ನು ಹಿಡಿದು ಕೂರಬೇಡಿ. ಆದರೆ ಹಾಗೆ ಮೂಡಿದ್ದನ್ನು ಸರಿಮಾಡಿಸಲು ಯಾರು ಎಲ್ಲಿಗೆ ಹೋಗುತ್ತಿದ್ದಾರೆ ಅಂತ ನಿಮ್ಮ ಊರಿನಲ್ಲಿ ಯಾರಾದರೂ ವಿಚಾರಿಸಿದ್ದಾರಾ?

ಸಾಲ ಮಾಡಿ ಕೋರ್ಸ್ ಬೇಡ, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಕೋಡಿಂಗ್ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ತಿಳಿಯಲು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವುದೇ ಸಾಕು. ಎರಡು ತಿಂಗಳು ದಿನಾ ಬೆಳಿಗ್ಗೆ ಒಂದು ತಾಸು ಕೂತು ನೋಡಿ. ಹಿಡಿಸಿದರೆ ಮುಂದುವರಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅಂಗಡಿಯ ಮೇಲೆ ಸಾಲ ತೆಗೆಯಬೇಡಿ. ನಿಮ್ಮ ಮನೆಯವರ ಒಡವೆಯನ್ನಂತೂ ಮುಟ್ಟಬೇಡಿ. ಅದು ಬಿಡಿಸಿಕೊಂಡು ಬರುವವರೆಗಿನ ಹತ್ತು ಹನ್ನೊಂದು ವರ್ಷ ಪ್ರತಿ ಮದುವೆ ಮನೆಯಲ್ಲಿ ಅವಳ ಖಾಲಿ ಕೈ ನೋಡಬೇಕಾಗುತ್ತದೆ.

ನಾಳೆ ಅಂಗಡಿ ತೆಗೆಯುವ ಮೊದಲು ಬಿಲ್‌ಬುಕ್ಕುಗಳನ್ನು ತೆಗೆಯಿರಿ. ಐದು ವರ್ಷದ ಹಿಂದಿನದು ಒಂದು, ಈ ವರ್ಷದ್ದು ಒಂದು. ಮೊದಲು ಜಾಸ್ತಿ ಕೆಲಸ ಕೊಟ್ಟು ಈಗ ನಿಲ್ಲಿಸಿದವರ ಹೆಸರು ಹತ್ತು ಬರೆಯಿರಿ. ಫೋನ್ ಬೇಡ, ಅವರಿರುವಲ್ಲಿಗೇ ಹೋಗಿ. ಕೆಲಸ ಕೊಡಿ ಅಂತ ಕೇಳಬೇಡಿ. ‘ಮೊದಲು ನನ್ನ ಹತ್ರ ಮಾಡಿಸ್ತಿದ್ದದ್ದನ್ನ ಈಗ ಹೇಗೆ ಮಾಡ್ತೀರಿ, ಅದರಲ್ಲಿ ಏನು ತೊಂದರೆ ಆಗ್ತಿದೆ’ ಅಂತ ಮಾತ್ರ ಕೇಳಿ. ಸಂಕೋಚ ಆಗುತ್ತದೆ. ಮೊದಲ ಪ್ರೆಸ್ಸಿನ ಬಾಗಿಲಲ್ಲಿ ನನಗೂ ಆಗಿತ್ತು, ಎರಡು ಸಲ ಮುಂದೆ ಹೋಗಿ ವಾಪಸ್ ಬಂದಿದ್ದೆ. ಹತ್ತು ಜನರ ಮಾತು ಸೇರಿದ ಮೇಲೆ ಇಲ್ಲೇ ಕೆಳಗೆ ಬರೆಯಿರಿ. ಅದರಲ್ಲಿ ಕರಡು ತಿದ್ದುವ ಕೆಲಸ ಬಂದು ನಿಮ್ಮೊಬ್ಬರ ಕೈಗೆ ಜಾಸ್ತಿಯಾದರೆ ಅರ್ಧ ನನಗೆ ಕಳಿಸಿ, ನೋಡಿಕೊಡುತ್ತೇನೆ.