ಬೇಗಲ್ ಚಪ್ಪಟೆಯಾಗಿ ಸುಕ್ಕುಗಟ್ಟುವುದು ಯಾಕೆ? ನಮ್ಮ ಸೆಖೆಗೆ ಹೊಂದುವ ಕ್ರಮ

ಬೇಗಲ್, ಅಂದರೆ ಕುದಿನೀರಲ್ಲಿ ಬಿಟ್ಟು ತೆಗೆದು ಆಮೇಲೆ ಓವನ್‌ನಲ್ಲಿ ಬೇಯಿಸುವ ಬಳೆಯಾಕಾರದ ಬ್ರೆಡ್, ಚಪ್ಪಟೆಯಾಗುತ್ತದೆ ಎಂದು ಉಡುಪಿಯಿಂದ ಕೇಳಿದವರಿಗೆ ಈ ಉತ್ತರ. ನೀವು ಬರೆದದ್ದು ಇಷ್ಟು: ಮಾಮೂಲಿ ಮೈದಾ, ಎರಡು ಚಮಚ ಈಸ್ಟ್, ಮಧ್ಯಾಹ್ನ ಎರಡು ಗಂಟೆ ಹೊರಗೇ ಉಬ್ಬಲು ಬಿಟ್ಟದ್ದು, ಕುದಿನೀರಿಗೆ ಹಾಕಲು ಎತ್ತುವಾಗಲೇ ಕುಸಿದು, ಓಟಿಜಿಯಲ್ಲಿ (ಮನೆಬಳಕೆಯ ಸಣ್ಣ ಕರೆಂಟ್ ಓವನ್) 180 ಡಿಗ್ರಿಗೆ ಅರ್ಧ ಗಂಟೆ ಇಟ್ಟರೂ ಬಣ್ಣ ಬರಲಿಲ್ಲ, ಹೊರತೆಗೆದ ಮೇಲೆ ಸುಕ್ಕುಗಟ್ಟಿತು. ಹಿಟ್ಟು ಅತಿಯಾಗಿ ಹುದುಗಿದೆ, ಮುಖ್ಯ ಕಾರಣ ಅದೇ. ನೆಟ್‌ನಲ್ಲಿ ಸಿಗುವ ಹೆಚ್ಚಿನ ಅಳತೆಗಳು ತಂಪು ದೇಶದ ಅಡುಗೆಮನೆಗೆ ಬರೆದವು. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಒಳಗೇ 32 ಡಿಗ್ರಿ ಇರುತ್ತದೆ. ಅಲ್ಲಿಯ ಗಂಟೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹಾಲು, ಬೆಣ್ಣೆ ಸೇರಿಸಿದರೆ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳಿದ್ದಾರೆ. ದಯವಿಟ್ಟು ಬೇಡ. ಮಂಗಳೂರು ಬನ್ಸ್‌ನ ಮೆದು ಇದರಲ್ಲಿ ಹುಡುಕಬಾರದು. ಬೇಗಲ್ ಅಂದರೆ ಹೊರಗೆ ಹೊಳೆಯುವ ಬಿಗಿ ಸಿಪ್ಪೆ, ಒಳಗೆ ಜಗಿಯಬೇಕಾದ ತಿರುಳು. ಅದಕ್ಕೆ ಗಟ್ಟಿ ಹಿಟ್ಟು ಬೇಕು.

ಎಂಟು ಬೇಗಲ್‌ಗೆ ಅಳತೆ: ಮೈದಾ 485 ಗ್ರಾಂ, ಗೋಧಿ ಗ್ಲುಟನ್ ಪುಡಿ (ಗೋಧಿಯ ಪ್ರೋಟೀನ್) 15 ಗ್ರಾಂ, ನೀರು 280 ಗ್ರಾಂ, ಉಪ್ಪು 10 ಗ್ರಾಂ, ಬೆಲ್ಲ 15 ಗ್ರಾಂ, ಇನ್‌ಸ್ಟಂಟ್ ಈಸ್ಟ್ 2 ಗ್ರಾಂ. ಡಿಸೆಂಬರ್, ಜನವರಿಯಲ್ಲಾದರೆ ಈಸ್ಟ್ 3 ಗ್ರಾಂ. ಚಮಚದ ಲೆಕ್ಕ ಬಿಟ್ಟು ತಕ್ಕಡಿ ಬಳಸಿ. ನಮ್ಮ ಮೈದಾ ಪ್ಯಾಕೆಟ್ಟಿನ ಮೇಲೆ ಸಾಮಾನ್ಯವಾಗಿ 100 ಗ್ರಾಂಗೆ ಪ್ರೋಟೀನ್ 10–11 ಗ್ರಾಂ ಎಂದಿರುತ್ತದೆ. ಈ 15 ಗ್ರಾಂ ಗ್ಲುಟನ್ ಅದನ್ನು ಹನ್ನೆರಡೂವರೆಯ ಹತ್ತಿರ ತರುತ್ತದೆ. ಗ್ಲುಟನ್ ಸಿಗದಿದ್ದರೆ ಮೈದಾವನ್ನೇ 500 ಗ್ರಾಂ ಮಾಡಿ ನೀರನ್ನು 265ಕ್ಕೆ ಇಳಿಸಿ, ಜಗಿತ ಸ್ವಲ್ಪ ಕಮ್ಮಿಯಾಗುತ್ತದೆ ಅಷ್ಟೆ. ಮಳೆಗಾಲದಲ್ಲಿ ಡಬ್ಬಿಯ ಮೈದಾ ತೇವ ಎಳೆದುಕೊಂಡಿರುತ್ತದೆ. ಆಗ 10 ಗ್ರಾಂ ನೀರು ಹಿಂದೆ ಇಟ್ಟುಕೊಂಡು, ಬೇಕಾದರೆ ಮಾತ್ರ ಸೇರಿಸಿ.

ಈಗ ನೀರಿನ ವಿಷಯ, ಇದು ಬಹಳ ಮುಖ್ಯ. ಕಲಸಿ ಮುಗಿದಾಗ ಹಿಟ್ಟು 25 ಡಿಗ್ರಿ ಇರಬೇಕು. 25ನ್ನು ಮೂರರಿಂದ ಗುಣಿಸಿ, ಅದರಿಂದ ಕೋಣೆಯ ಉಷ್ಣತೆ, ಮೈದಾದ ಉಷ್ಣತೆ, ಕೈಯಲ್ಲಿ ನಾದುವ ಬಿಸಿಗೆ 3 ಕಳೆಯಿರಿ. 75ರಿಂದ 32, 31, 3 ಕಳೆದರೆ ಉಳಿಯುವುದು 9. ಅಂದರೆ ಫ್ರಿಜ್‌ನಲ್ಲಿಟ್ಟ ಬಾಟಲಿಯ ನೀರನ್ನೇ ನೇರ ಹಾಕಬೇಕು. ನಲ್ಲಿಯ ನೀರಿನಲ್ಲಿ ಕಲಸಿದರೆ ಹಿಟ್ಟು 30 ದಾಟುತ್ತದೆ, ನಾದಿ ಮುಗಿಯುವ ಮೊದಲೇ ಉಬ್ಬಲು ಶುರು. ತಣ್ಣೀರಲ್ಲಿ ಈಸ್ಟ್ ಸಾಯುವುದಿಲ್ಲ, ನಿಧಾನವಾಗುತ್ತದೆ. ನಮಗೆ ಬೇಕಾದದ್ದೂ ಅದೇ. ಇನ್‌ಸ್ಟಂಟ್ ಈಸ್ಟನ್ನು ಮಾತ್ರ ಮೊದಲು ಒಣ ಮೈದಾದಲ್ಲಿ ಬೆರೆಸಿಕೊಳ್ಳಿ, ನೇರ ಐಸ್ ನೀರಿಗೆ ಹಾಕಬೇಡಿ.

ಹಿಟ್ಟು ಚಪಾತಿ ಹಿಟ್ಟಿಗಿಂತ ಗಟ್ಟಿ ಇರುತ್ತದೆ. ಐದು ನಿಮಿಷ ನಾದಿ, ಹತ್ತು ನಿಮಿಷ ಮುಚ್ಚಿಡಿ, ಮತ್ತೆ ಏಳೆಂಟು ನಿಮಿಷ ನಾದಿ. ನಡುವೆ ಬಿಟ್ಟರೆ ಕೈಯ ಕಷ್ಟ ಅರ್ಧ ಇಳಿಯುತ್ತದೆ. ಗ್ರೈಂಡರ್‌ನ ಹಿಟ್ಟು ಕಲಸುವ ಪಾತ್ರೆಗೆ ಇಷ್ಟು ಗಟ್ಟಿ ಹಿಟ್ಟು ಒಮ್ಮೆಗೇ ಹಾಕಿದರೆ ಮೋಟಾರು ಕಾಯುತ್ತದೆ. ಅರ್ಧರ್ಧ ಮಾಡಿ ಹಾಕಿ.

ಅರ್ಧ ಗಂಟೆ ಬಿಟ್ಟು, ತಲಾ 100 ಗ್ರಾಂನ ಎಂಟು ಉಂಡೆ. ಹತ್ತು ನಿಮಿಷ ಬಿಟ್ಟು ನಡುವೆ ತೂತು ಮಾಡಿ 5 ಸೆಂ.ಮೀ. ಅಗಲಕ್ಕೆ ಎಳೆಯಿರಿ. ಅತಿ ದೊಡ್ಡದೆನಿಸಿದರೂ ಚಿಂತೆ ಬೇಡ, ಉಬ್ಬುವಾಗ ಅರ್ಧಕ್ಕರ್ಧ ಮುಚ್ಚಿಕೊಳ್ಳುತ್ತದೆ. ರವೆ ಉದುರಿಸಿದ ತಟ್ಟೆಯಲ್ಲಿಡಿ, ಇಲ್ಲವಾದರೆ ನಾಳೆ ಎತ್ತುವಾಗ ತಳ ಹರಿಯುತ್ತದೆ.

ಹೊರಗೆ ಹತ್ತು ಹದಿನೈದು ನಿಮಿಷ ಸಾಕು. ಒಂದನ್ನು ತಣ್ಣೀರಿನ ಬೋಗುಣಿಯಲ್ಲಿ ಬಿಟ್ಟು ನೋಡಿ: ಹತ್ತು ಸೆಕೆಂಡಿನೊಳಗೆ ತೇಲಿದರೆ ತಕ್ಷಣ ಎಲ್ಲವನ್ನೂ ಮುಚ್ಚಿ ಫ್ರಿಜ್‌ಗೆ. ಮುಳುಗಿದರೆ ಇನ್ನೂ ಹತ್ತು ನಿಮಿಷ. ಬೋಗುಣಿಗೆ ಬಿಟ್ಟದ್ದನ್ನು ಒರೆಸಿ ತಟ್ಟೆಗೇ ಹಾಕಿ, ಹಾಳಾಗುವುದಿಲ್ಲ. ಫ್ರಿಜ್‌ನಲ್ಲಿ 12ರಿಂದ 16 ಗಂಟೆ. ರುಚಿ ಕಟ್ಟುವುದು ಅಲ್ಲೇ. ರಾತ್ರಿ ಕರೆಂಟ್ ಹೋದರೆ ಬಾಗಿಲು ತೆರೆಯದೆ ಬಿಡಿ, ಒಂದೆರಡು ಗಂಟೆಗೆ ಏನೂ ಆಗದು.

ಬೆಳಿಗ್ಗೆ ಮೊದಲು ಓಟಿಜಿಯನ್ನು ಎರಡೂ ರಾಡ್ ಹಾಕಿ 230 ಡಿಗ್ರಿಗೆ 20 ನಿಮಿಷ ಕಾಯಿಸಿ. ಎರಡು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಜೋನಿಬೆಲ್ಲ, ಒಂದು ಸಣ್ಣ ಚಮಚ ಅಡುಗೆ ಸೋಡಾ. ನ್ಯೂಯಾರ್ಕ್‌ನವರು ಬಾರ್ಲಿ ಮಾಲ್ಟ್, ಮಾಂಟ್ರಿಯಲ್‌ನವರು ಜೇನು ಹಾಕುತ್ತಾರೆ. ನಮಗೆ ಜೋನಿಬೆಲ್ಲ ಧಾರಾಳ ಸಾಕು. ಸೋಡಾದ ಕ್ಷಾರದಿಂದ ಬಣ್ಣ ಬೇಗ ಏರುತ್ತದೆ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಕುದಿನೀರಿಗೆ ಬಿಡಿ, ಹೊರಗಿಟ್ಟು ಕಾಯಬೇಡಿ. ಒಂದೊಂದು ಮಗ್ಗುಲಿಗೆ 45 ಸೆಕೆಂಡ್. ಮೇಲ್ಮೈಯ ಪಿಷ್ಟ ಗಂಜಿಯಂತಾಗಿ ಬಿಗಿ ಪದರ ಕಟ್ಟುತ್ತದೆ; ಹೊಳಪೂ ಜಗಿತವೂ ಅದರಿಂದಲೇ. ಎರಡು ಮೂರು ನಿಮಿಷ ಕುದಿಸಿದರೆ ಸಿಪ್ಪೆ ದಪ್ಪವಾಗಿ, ತಣಿದ ಮೇಲೆ ಸುಕ್ಕುಗಟ್ಟಬಹುದು.

ಜಾಲರಿ ಸೌಟಿನಲ್ಲಿ ಎತ್ತಿ ನೀರು ಸೋರಿಸಿ, ಅಂಟು ಇರುವಾಗಲೇ ಎಳ್ಳಿನ ತಟ್ಟೆಗೆ ಕವುಚಿ. ಒಣ ಈರುಳ್ಳಿ ಹಾಕುವುದಾದರೆ ಮೊದಲು ನೆನೆಸಿ ಹಿಂಡಿ, ಒಣಗಿದ್ದೇ ಹಾಕಿದರೆ ಕರಟುತ್ತದೆ. ಕಾದ ಓಟಿಜಿಯಲ್ಲಿ 18–22 ನಿಮಿಷ ಬೇಯಿಸಿ, ನಡುವೆ ಟ್ರೇ ತಿರುಗಿಸಿ. ಅರ್ಧ ಗಂಟೆ ತಣಿಯದೆ ಕೊಯ್ಯಬೇಡಿ, ಒಳಗೆ ಅಂಟಂಟಾಗಿ ಹಸಿ ಇದ್ದಂತೆ ಕಾಣುತ್ತದೆ.

ನಮ್ಮ ತೇವದ ಗಾಳಿಗೆ ಸಂಜೆಯೊಳಗೆ ಸಿಪ್ಪೆಯ ಗರಿ ಹೋಗುತ್ತದೆ. ಅಂದೇ ತಿನ್ನದಿದ್ದರೆ ತಣಿದ ಕೂಡಲೇ ಎರಡು ಹೋಳು ಮಾಡಿ ಫ್ರೀಜರ್‌ಗೆ ಹಾಕಿ, ಬೇಕಾದಾಗ ಕೊಯ್ದ ಮಗ್ಗುಲು ಕೆಳಗಿರುವಂತೆ ಕಾವಲಿಯಲ್ಲಿ ಕಾಯಿಸಿ. ಮುಂದಿನ ಸಲ ಅಡ್ಡ ಕೊಯ್ದ ಫೋಟೋ ಹಾಕಿ, ಒಳಗಿನ ತೂತು ನೋಡಿ ನೀರು ಇಳಿಸಬೇಕೋ ಏರಿಸಬೇಕೋ ಹೇಳುತ್ತೇನೆ.