ರೋಲ್‌ಪ್ಲೇ ಸರ್ವರ್‌ನಲ್ಲಿ ಗುಂಡಿನ ಕಾಳಗವೂ ಇರಬೇಕು, ಕಥೆಯೂ ಉಳಿಯಬೇಕು. ಹೇಗೆ?

ನೀವು ಕೇಳಿದ್ದು ಇಷ್ಟು. ಶಿವಮೊಗ್ಗ, ಸಾಗರದ ಗೆಳೆಯರು ಸೇರಿ ಫೈವ್‌ಎಂ ಎಂಬ ತಂತ್ರಾಂಶದಲ್ಲಿ ಜಿಟಿಎ ವಿಡಿಯೋ ಗೇಮ್‌ನ ರೋಲ್‌ಪ್ಲೇ ಸರ್ವರ್, ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಬದುಕುವ ಆನ್‌ಲೈನ್ ಊರು, ನಡೆಸುತ್ತಿದ್ದೀರಿ. ಗ್ಯಾಂಗ್ ಹುಡುಗರು ಮಾತಿಲ್ಲದೆ ಗುಂಡು ಹಾರಿಸುತ್ತಾರೆ. ಟ್ಯಾಕ್ಸಿ ಓಡಿಸುವವರು, ಗ್ಯಾರೇಜ್ ಇಟ್ಟವರು, ಆಂಬುಲೆನ್ಸ್‌ನವರು ಬೇಸತ್ತು ಬಿಟ್ಟು ಹೋಗುತ್ತಿದ್ದಾರೆ. ಗನ್ ತೆಗೆದುಹಾಕಿದರೆ ಆಟ ಸಪ್ಪೆಯಾಗುತ್ತದೆ ಅನ್ನೋ ಭಯವೂ ಇದೆ.

ನಾನು ತೀರ್ಥಹಳ್ಳಿಯವನು. ಇಂಥದ್ದೇ ಒಂದು ಕನ್ನಡ ಸರ್ವರ್‌ನಲ್ಲಿ ಅಡ್ಮಿನ್. ದೂರು ಕೇಳೋದು, ಕ್ಲಿಪ್ ನೋಡಿ ತೀರ್ಪು ಕೊಡೋದು ನನ್ನ ಕೆಲಸ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಳಗ ಕಡಿಮೆ ಮಾಡಲು ಹೋಗಬೇಡಿ. ಸೋತವನಿಗೂ ಮುಂದೆ ಆಡಲು ಏನಾದರೂ ಉಳಿಯುವ ಹಾಗೆ ಮಾಡಿ.

ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ನಡೆಯುತ್ತದೆ ಅಲ್ವಾ? ವಾಲಿವಧೆ ಪ್ರಸಂಗ ನೆನಪಿಸಿಕೊಳ್ಳಿ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು, ವಾಲಿಯ ಅರ್ಥ ಹೇಳುವವರಿಗೂ, ಅಂದರೆ ಆ ಪಾತ್ರವಾಗಿ ಮಾತಾಡುವವರಿಗೂ ಗೊತ್ತು. ಆದರೂ ಬಾಣ ತಿಂದು ಬಿದ್ದವನು, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳಲು ಶುರು ಮಾಡಿದರೆ ಎದ್ದು ಹೋಗುವವರೇ ಇಲ್ಲ. ಇಬ್ಬರು ಅರ್ಥಧಾರಿಗಳ ನಡುವೆ ಇರುವುದು ನಿಜವಾದ ಪೈಪೋಟಿ. ಒಬ್ಬರ ಮಾತನ್ನು ಇನ್ನೊಬ್ಬರು ಕಟ್ಟಿಹಾಕಲು ನೋಡುತ್ತಾರೆ. ಆದರೆ ರಾಮನ ಅರ್ಥ ಹೇಳುವವರು ವಾಲಿಗೆ ಮಾತಾಡಲು ಜಾಗವನ್ನೇ ಕೊಡದಿದ್ದರೆ ಅವತ್ತಿನ ಕೂಟ ಕೆಟ್ಟಿತು. ನಿಮ್ಮ ಗ್ಯಾಂಗ್ ಹುಡುಗರಿಗೆ ತಿಳಿಯಬೇಕಾದ್ದು ಇದು.

ಈಗ ನಿಮ್ಮ ನಿಯಮಗಳಿಗೆ ಬರೋಣ. ಕಾರಣವಿಲ್ಲದೆ ಕೊಲ್ಲಬಾರದು ಅನ್ನೋ ಆರ್‌ಡಿಎಂ (ರ್‍ಯಾಂಡಮ್ ಡೆತ್‌ಮ್ಯಾಚ್) ನಿಯಮ ಹೆಚ್ಚಿನ ರೋಲ್‌ಪ್ಲೇ ಸರ್ವರ್‌ಗಳಲ್ಲಿ ಇದೆ, ನಿಮ್ಮಲ್ಲೂ ಇರುತ್ತದೆ. ನಾನು ಜಾಸ್ತಿ ಯೋಚಿಸಿರುವುದು ಎನ್‌ಎಲ್‌ಆರ್ (ನ್ಯೂ ಲೈಫ್ ರೂಲ್) ಬಗ್ಗೆ. ಸತ್ತ ಪಾತ್ರ ಮತ್ತೆ ಬಂದಾಗ ಯಾರು ಕೊಂದರು, ಏಕೆ ಕೊಂದರು ಎಲ್ಲ ಮರೆತಿರಬೇಕು ಅನ್ನುತ್ತದೆ ಅದು. ಸೇಡಿಗೆ ಸೇಡು ನಿಲ್ಲಿಸಲು ಒಳ್ಳೆಯದೇ. ಆದರೆ ಪ್ರತಿ ಜಗಳವೂ ಸಾವಿನಲ್ಲೇ ಮುಗಿದರೆ ಪ್ರತಿ ಸಲವೂ ಮರೆವು. ಗ್ಯಾರೇಜ್‌ನವನನ್ನು ದೋಚಿ ಕೊಂದರು ಅಂದುಕೊಳ್ಳಿ. ಅವನು ಪೊಲೀಸರಿಗೆ ಹೇಳುವಂತಿಲ್ಲ, ಸಾಕ್ಷಿ ಹೇಳುವಂತಿಲ್ಲ, ರಾಜಿಗೂ ಹೋಗುವಂತಿಲ್ಲ. ದುಡ್ಡೂ ಹೋಯಿತು, ಕಥೆಯೂ ಹೋಯಿತು. ಅವನು ಮತ್ತೆ ಯಾಕೆ ಲಾಗಿನ್ ಆಗಬೇಕು?

ಅದಕ್ಕೇ ನಮ್ಮಲ್ಲಿ ಬಿದ್ದವನು ಸತ್ತವನಲ್ಲ. ನೆಲಕ್ಕೆ ಬಿದ್ದವನಿಗೆ ಗಾಯ ಅಷ್ಟೇ, ನೆನಪು ಪೂರ್ತಿ ಇರುತ್ತದೆ. ಅಲ್ಲಿಂದ ಆಂಬುಲೆನ್ಸ್‌ನವರಿಗೆ ಕೆಲಸ, ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಪೊಲೀಸರಿಗೆ ಕೆಲಸ, ವಕೀಲರಿಗೂ ಕೆಲಸ. ಒಂದು ಗುಂಡಿನಿಂದ ನಾಲ್ಕಾರು ಜನರಿಗೆ ಆ ಸಂಜೆಯ ಆಟ ಸಿಗುತ್ತದೆ. ಇದಕ್ಕೆ ಪ್ರತಿಯಾಗಿ, ಬಂದೂಕು ಎದುರಿಗಿದ್ದಾಗ ಹೆದರಿದಂತೆ ಆಡುವ ಫಿಯರ್ ಆರ್‌ಪಿ ನಿಯಮವನ್ನು ಟ್ಯಾಕ್ಸಿಯವರೂ ಪಾಲಿಸಬೇಕು. ಗನ್ ತೋರಿಸಿದರೂ ಲೆಕ್ಕಕ್ಕಿಡದೆ ಎದುರು ಮಾತಾಡಿದರೆ ಗ್ಯಾಂಗ್‌ನವರಿಗೆ ಹೊಡೆಯದೆ ಬೇರೆ ದಾರಿಯೇ ಇರುವುದಿಲ್ಲ. ಈ ಮಾತನ್ನು ನಾಗರಿಕ ಪಾತ್ರದವರಿಗೆ ಯಾರೂ ಹೇಳುವುದಿಲ್ಲ, ನೀವು ಹೇಳಿ.

ಇದು ಹಳೆಯ ಸಮಸ್ಯೆ. 1996ರಲ್ಲೇ ಆನ್‌ಲೈನ್ ಆಟಗಳ ವಿನ್ಯಾಸಕ ರಿಚರ್ಡ್ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಕೊಲ್ಲುವುದರಲ್ಲೇ ಖುಷಿ ಪಡುವವರು ಹೆಚ್ಚಾದರೆ ಮಾತುಕತೆಗೆ ಬರುವವರು ಕಡಿಮೆಯಾಗುತ್ತಾರೆ ಎಂದು ಬರೆದಿದ್ದರು. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಎಂಬ ಆಟದಲ್ಲಿ ಆಗಿದ್ದೂ ಅದೇ. 2000ದಲ್ಲಿ ಅದರ ಲೋಕವನ್ನೇ ಎರಡು ಮಾಡಿದರು. ಫೆಲುಕಾದಲ್ಲಿ ಯಾರು ಯಾರನ್ನಾದರೂ ಹೊಡೆಯಬಹುದು, ಟ್ರಾಮೆಲ್‌ನಲ್ಲಿ ಒಪ್ಪಿಗೆ ಬೇಕು. ಹೆಚ್ಚಿನವರು ಟ್ರಾಮೆಲ್‌ಗೆ ಹೋದರು. ನಿಮ್ಮದು ಚಿಕ್ಕ ಸರ್ವರ್, ಹೀಗೆ ಒಡೆದರೆ ಎರಡೂ ಕಡೆ ಜನ ಸಾಲುವುದಿಲ್ಲ.

ನನಗೆ ಹಿಡಿಸುವುದು ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಹಡಗುಗಳ ಆಟದ ದಾರಿ. ಅಲ್ಲಿ ಹೆಚ್ಚು ಭದ್ರತೆಯ ಜಾಗದಲ್ಲೂ ದಾಳಿ ಮಾಡಲು ತಡೆ ಇಲ್ಲ. ಆದರೆ ಕಾನೂನು ಮೀರಿ ಹೊಡೆದವನ ಹಡಗನ್ನು ಕಾನ್‌ಕಾರ್ಡ್ ಎಂಬ ಪೊಲೀಸ್ ಪಡೆ ಬಂದು ನಾಶ ಮಾಡುತ್ತದೆ. ಹೊಡೆಯುವ ಮುಂಚೆ ಲೆಕ್ಕ ಹಾಕಲೇಬೇಕು. 2014ರ ಜನವರಿಯಲ್ಲಿ ಒಂದು ಸೌರಮಂಡಲದ ಬಾಡಿಗೆ ಕಟ್ಟದೇ ಹೋಗಿದ್ದರಿಂದ ಅಲ್ಲಿ ದೊಡ್ಡ ಯುದ್ಧವೇ ಆಯಿತು. ಆ ಆಟದ ಅತಿ ದೊಡ್ಡ ಹಡಗುಗಳಾದ ಟೈಟಾನ್‌ಗಳು 75 ನಾಶವಾದವು. ಆಟ ನಡೆಸುವ ಕಂಪನಿ ಅದರ ನೆನಪಿಗೆ ಅದೇ ಜಾಗದಲ್ಲಿ ಹಡಗಿನ ಅವಶೇಷಗಳನ್ನು ಉಳಿಸಿತು. ಸೋತವರ ಪಾಲೂ ಆ ಲೋಕದ ಚರಿತ್ರೆಯಲ್ಲಿ ಹಾಗೆಯೇ ನಿಂತಿತು. ನಿಮ್ಮಲ್ಲೂ ಗುಂಡಿಗೆ ಬೆಲೆ ಇರಲಿ. ಸಿಕ್ಕಿಬಿದ್ದರೆ ಗನ್ ಹೋಗಲಿ, ಗುಂಡುಗಳು ದುಬಾರಿಯಾಗಲಿ.

ಆಟದ ಹೊರಗೆ ಹರಟುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಕೇಳಿದ್ದನ್ನು ಪಾತ್ರದ ಬಾಯಲ್ಲಿ ಆಡಿದರೆ ಅದು ಮೆಟಾಗೇಮಿಂಗ್. ಅದಕ್ಕೆ ದಯೆ ಬೇಡ. ಆದರೆ ಕಾಂಬ್ಯಾಟ್ ಲಾಗಿಂಗ್, ಅಂದರೆ ಜಗಳದ ಮಧ್ಯೆ ಆಟ ಬಿಟ್ಟು ಹೋಗೋದು, ನಮ್ಮ ಮಲೆನಾಡಿನಲ್ಲಿ ಹುಷಾರಾಗಿ ನೋಡಬೇಕಾದ ವಿಷಯ. ಆಷಾಢದ ಗಾಳಿಮಳೆಗೆ ಹೊಸನಗರದ ಹಳ್ಳಿಯಲ್ಲಿ ಕರೆಂಟ್ ಹೋದರೆ ಆ ಹುಡುಗ ಏನು ಮಾಡಿಯಾನು? ಸುಮ್ನೆ ಬ್ಯಾನ್ ಮಾಡಬೇಡಿ. ಫೋನ್‌ನಿಂದ ಒಂದು ಮೆಸೇಜ್ ಹಾಕಿದರೆ ಸಾಕು ಅಂತಿರಲಿ. ಮರಳಿ ಬಂದಾಗ ಇಬ್ಬರೂ ಸೇರಿ ಆ ದೃಶ್ಯವನ್ನು ಬಿಟ್ಟಲ್ಲಿಂದ ಮುಂದುವರಿಸಲಿ.

ಕೊನೆಗೆ, ನಿಯಮದ ಪಟ್ಟಿ ಉದ್ದ ಮಾಡುವ ಮುಂಚೆ ಗ್ಯಾಂಗ್‌ಗಳ ನಾಯಕರನ್ನು ವಾಯ್ಸ್ ಚಾನೆಲ್‌ಗೆ ಕರೆಯಿರಿ. ಮುಂದಿನ ಬ್ಯಾಂಕ್ ದರೋಡೆಯನ್ನು ಅವರೇ ರೂಪಿಸಲಿ, ಒಂದು ಷರತ್ತಿನ ಮೇಲೆ: ಅದರಲ್ಲಿ ಗ್ಯಾರೇಜ್‌ನವರಿಗೂ ಟ್ಯಾಕ್ಸಿಯವರಿಗೂ ಆಂಬುಲೆನ್ಸ್‌ನವರಿಗೂ ಒಂದೊಂದು ಪಾತ್ರ ಇರಬೇಕು. ಅದು ಬೇಡ, ಬರೀ ಗುರಿ ಇಟ್ಟು ಹೊಡೆಯೋದೇ ಸಾಕು ಅನ್ನುವವರಿಗೆ ಡೆತ್‌ಮ್ಯಾಚ್ ಸರ್ವರ್‌ಗಳು ಬೇಕಾದಷ್ಟಿವೆ. ಪ್ರೀತಿಯಿಂದಲೇ ಅಲ್ಲಿಗೆ ಕಳಿಸಿಕೊಡಿ.